ಪಿಸಿಒಡಿ: ಖಾಲಿ ಹೊಟ್ಟೆಯ ಸಕ್ಕರೆ ನೋಡಿದರೆ ಸಾಲದು

ಮಾನ್ಯ ಸಂಪಾದಕರೆ,

ಮುಟ್ಟು ತಪ್ಪುತ್ತಿದೆ ಎಂದು ಬಂದ ಹುಡುಗಿಗೆ ಸ್ಕ್ಯಾನಿಂಗ್ ಆಗುತ್ತದೆ, ಪಿಸಿಒಡಿ (ಹಾರ್ಮೋನ್ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವ ತೊಂದರೆ) ಎಂದು ವರದಿ ಬರುತ್ತದೆ, ಮಾತ್ರೆ ಶುರುವಾಗುತ್ತದೆ. ತಿಂಗಳಿಗೆ ಸರಿಯಾಗಿ ಮುಟ್ಟಾದರೆ ಮನೆಯವರಿಗೆ ಸಮಾಧಾನ. ಸಕ್ಕರೆಯ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಈ ತೊಂದರೆ ಇರುವ ಬಹಳಷ್ಟು ಹೆಂಗಸರ ಮೈ, ರಕ್ತದ ಸಕ್ಕರೆ ಇಳಿಸುವ ಹಾರ್ಮೋನಾದ ಇನ್ಸುಲಿನ್ ಮಾತು ಕೇಳುವುದಿಲ್ಲ. ಹಾಗಾಗಿ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಅದರ ಒತ್ತಡಕ್ಕೆ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗುವ ಚರ್ಮ ಇದರದೇ ಗುರುತು. ಕೊಳೆಯೆಂದು ಕಡಲೆಹಿಟ್ಟು ಹಾಕಿ ಉಜ್ಜಿದರೆ ಹೋಗುವಂಥದ್ದಲ್ಲ.

ಖಾಲಿ ಹೊಟ್ಟೆಯಲ್ಲಿ 90 ಇದ್ದ ಸಕ್ಕರೆ ಗ್ಲೂಕೋಸ್ ಕುಡಿದ 2 ಗಂಟೆಗೆ 160 ಆಗಿರಬಹುದು. 140ರಿಂದ 199ರವರೆಗೆ ಮಧುಮೇಹದ ಹೊಸ್ತಿಲು, 200 ಮುಟ್ಟಿದರೆ ಮಧುಮೇಹ. ಅದಕ್ಕೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯೇ ಹೆಚ್ಚು ನಿಖರ ಎನ್ನುತ್ತದೆ. ವಯಸ್ಸು, ತೂಕ ಎಷ್ಟೇ ಇರಲಿ, ಪಿಸಿಒಡಿ ಪತ್ತೆಯಾದಾಗ ಸಕ್ಕರೆ ನೋಡಬೇಕು, ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ. ತೆಳ್ಳಗಿರುವವರಿಗೂ ವಿನಾಯಿತಿಯಿಲ್ಲ.

ಪರೀಕ್ಷೆ ಕೆಡುವುದು ಸಣ್ಣಪುಟ್ಟ ಕಾರಣಕ್ಕೆ. ಹಿಂದಿನ ಮೂರು ದಿನ ಡಯಟ್ ಮಾಡದೆ ಎಂದಿನಂತೆ ಅನ್ನ, ಮುದ್ದೆ ತಿಂದಿರಬೇಕು. ರಾತ್ರಿ ಕನಿಷ್ಠ 8 ಗಂಟೆ ಉಪವಾಸ, ನೀರು ಕುಡಿಯಬಹುದು. ಖಾಲಿ ಹೊಟ್ಟೆಯ ರಕ್ತ ಕೊಟ್ಟ ಮೇಲೆ 250–300 ಮಿ.ಲೀ. ನೀರಿನಲ್ಲಿ ಕರಗಿಸಿದ ಗ್ಲೂಕೋಸನ್ನು 5 ನಿಮಿಷದೊಳಗೆ ಕುಡಿಯಬೇಕು. ಮೊದಲ ಗುಟುಕಿನಿಂದಲೇ 2 ಗಂಟೆ ಎಣಿಕೆ. ಅಷ್ಟು ಹೊತ್ತೂ ಕೂತಿರಬೇಕು. ಕಾಫಿಯಿಲ್ಲ, ‘ಮಾರ್ಕೆಟ್‌ಗೆ ಹೋಗಿ ಬರ್ತೀನಿ’ ಎನ್ನುವಂತಿಲ್ಲ. ವಾಂತಿಯಾದರೆ ಇನ್ನೊಂದು ದಿನ ಮಾಡಿಸಬೇಕು. ಇಡ್ಲಿ ತಿಂದು ಕೊಡುವ ರಕ್ತ ಇದಕ್ಕೆ ಬದಲಿಯಲ್ಲ, ಒಬ್ಬೊಬ್ಬರ ತಟ್ಟೆ ಒಂದೊಂದು ಅಳತೆ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ನಂಬುವಂತಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದು ಸುಳ್ಳಾಗಿ ಏರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯೇನು ಕಮ್ಮಿಯೇ?

ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು, ಪತ್ತೆಯಾದಾಗಲೇ ಕೊಲೆಸ್ಟರಾಲ್ ಕೂಡ. ಸೊಂಟದ ಸುತ್ತಳತೆಗೆ ನಮ್ಮ ಹೆಂಗಸರ ಗಡಿ 80 ಸೆಂ.ಮೀ.

ಮೈ ಇನ್ಸುಲಿನ್ ಮಾತು ಕೇಳುವಂತೆ ಮಾಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವೈದ್ಯರು ಬರೆದರೆ ಸಾಮಾನ್ಯವಾಗಿ 500 ಮಿ.ಗ್ರಾಂನಿಂದ ಶುರು ಮಾಡಿ 1–2 ವಾರಕ್ಕೊಮ್ಮೆ ಏರಿಸುತ್ತಾರೆ. ಊಟದ ಜೊತೆ ನುಂಗಬೇಕು. ಭೇದಿಯಾಯಿತೆಂದು ತಾವಾಗಿ ಬಿಟ್ಟುಬಿಡುವವರು ಬಹಳ. ವೈದ್ಯರಿಗೆ ಹೇಳಿದರೆ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಬಹುದು. ವರ್ಷಗಟ್ಟಲೆ ನುಂಗುವವರು, ಅದರಲ್ಲೂ ಸಸ್ಯಾಹಾರಿಗಳು, ವಿಟಮಿನ್ ಬಿ12 ಕಮ್ಮಿಯಾಗಿದೆಯೇ ಎಂದು ನೋಡಿಸಿಕೊಳ್ಳಲಿ. ಗರ್ಭಿಣಿಯಾದರೆ 24ನೇ ವಾರದವರೆಗೆ ಕಾಯದೆ ಮೊದಲ ಭೇಟಿಯಲ್ಲೇ ಪಿಸಿಒಡಿ ಇದೆಯೆಂದು ಹೇಳಿ, ಸಕ್ಕರೆ ಪರೀಕ್ಷೆ ಕೇಳಬೇಕು.

– ಸ್ತ್ರೀರೋಗ ತಜ್ಞೆ, ದಾವಣಗೆರೆ