ಫಾಯಿಲ್ ಸುತ್ತಿದರೆ ಗುಂಯ್ ಸದ್ದು ನಿಲ್ಲುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ಕಳೆದ ವಾರ ನಮ್ಮ ಬೀದಿಯ ಭಜನಾ ಮಂಡಳಿಯ ಹುಡುಗನೊಬ್ಬ ತನ್ನ ಆಂಪ್ಲಿಫೈಯರ್ ತಂದಿದ್ದ. ಆನ್ ಮಾಡಿದರೆ ಸಾಕು, ಗುಂಯ್ ಅನ್ನುತ್ತೆ. ಬಿಚ್ಚಿ ನೋಡಿದರೆ ಟ್ರಾನ್ಸ್‌ಫಾರ್ಮರ್‌ಗೆ ಹೊಳೆಯುವ ಟೇಪು ಸುತ್ತಿದ್ದಾನೆ. ‘ಮ್ಯಾಗ್ನೆಟಿಕ್ ಶೀಲ್ಡಿಂಗ್ ಟೇಪ್’, ಅಂದರೆ ಕಾಂತಕ್ಷೇತ್ರ ತಡೆಯುವ ಟೇಪು ಅಂತ ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಅದು ಬರೀ ಅಲ್ಯೂಮಿನಿಯಂ! ಹುಡುಗನದ್ದೇನೂ ತಪ್ಪಿಲ್ಲ, ಹಾಗೆ ಹೆಸರಿಟ್ಟು ಮಾರಿದವರದ್ದು ತಪ್ಪು.

ಅಲ್ಯೂಮಿನಿಯಂ, ತಾಮ್ರದ ಹಾಳೆಗಳು ರೇಡಿಯೊ ತರಂಗಗಳನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಈ ಗುಂಯ್ ಸದ್ದು ಬರುವುದು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಮೈಕಿನ ಬೋರ್ಡಿಗೆ ತಾಗುವುದರಿಂದ. ನಮ್ಮ ಮನೆಯ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವುದು. ಅದರ ಕಾಂತಕ್ಷೇತ್ರ ಮೂರನೇ ಒಂದು ಭಾಗಕ್ಕೆ ಇಳಿಯಬೇಕಾದರೆ ಸುಮಾರು 12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬೇಕು. ಈ ಟೇಪು ಕಾಲು ಮಿಲಿಮೀಟರ್ ಕೂಡ ಇರಲಿಲ್ಲ.

ಮನೆಯಲ್ಲೇ ಮಾಡಿ ನೋಡಿ. ಗುಂಡುಪಿನ್ನಿಗೂ ಪುಟ್ಟ ಅಯಸ್ಕಾಂತಕ್ಕೂ ನಡುವೆ ಅಡುಗೆಮನೆಯ ಫಾಯಿಲ್ ಹಿಡಿದರೆ ಪಿನ್ನು ಮೊದಲಿನ ಹಾಗೇ ಎಳೆದುಕೊಳ್ಳುತ್ತೆ. ಬಿಸ್ಕತ್ತಿನ ಡಬ್ಬಿಯ ತಗಡಿನ ಮುಚ್ಚಳ ಹಿಡಿದರೆ ಎಳೆತ ಕಮ್ಮಿಯಾಗುತ್ತೆ. (ಊಟದ ಸ್ಟೀಲ್ ತಟ್ಟೆ ಬೇಡ, ಎಷ್ಟೋ ತಟ್ಟೆಗಳಿಗೆ ಅಯಸ್ಕಾಂತ ಅಂಟುವುದೇ ಇಲ್ಲ.) ಕಬ್ಬಿಣ ಕಾಂತಕ್ಷೇತ್ರವನ್ನು ಗೋಡೆಯ ಹಾಗೆ ತಡೆಯುವುದಿಲ್ಲ, ನೀರಿಗೆ ಕಾಲುವೆ ತೋಡಿಕೊಟ್ಟ ಹಾಗೆ ತನ್ನೊಳಗೇ ಹರಿಸಿಕೊಂಡು ಆಚೆ ಕಳಿಸುತ್ತೆ.

ಈ ಕೆಲಸಕ್ಕೆಂದೇ ಮ್ಯೂ-ಮೆಟಲ್ ಅನ್ನುವ ಮಿಶ್ರಲೋಹ ಇದೆ. ಸುಮಾರು ಮುಕ್ಕಾಲು ಭಾಗ ನಿಕ್ಕಲ್, ಉಳಿದದ್ದರಲ್ಲಿ ಜಾಸ್ತಿ ಕಬ್ಬಿಣ. 1920ರ ದಶಕದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳಿಗಾಗಿ ಬಂದದ್ದು. ಬೆಲೆ ಜಾಸ್ತಿ, ಯಾಕೆಂದರೆ ಬೇಕಾದ ಆಕಾರ ಕೊಟ್ಟ ಮೇಲೆ ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ಆರಿಸಬೇಕು. ಆಮೇಲೆ ಅದನ್ನು ಬಗ್ಗಿಸಿದರೆ, ಸುತ್ತಿಗೆಯಲ್ಲಿ ಬಡಿದರೆ, ಕೈತಪ್ಪಿ ಬೀಳಿಸಿದರೂ ಗುಣ ಕುಂದುತ್ತದೆ. ಇದನ್ನು ಮಾರುವವರು ಹೇಳಬೇಕಲ್ವಾ?

ಹುಡುಗನ ಆಂಪ್ಲಿಫೈಯರ್‌ಗೆ ಅದೂ ಬೇಕಾಗಲಿಲ್ಲ. ಟ್ರಾನ್ಸ್‌ಫಾರ್ಮರನ್ನು ಮೈಕಿನ ಬೋರ್ಡಿನಿಂದ ನಾಲ್ಕು ಬೆರಳು ದೂರ ಸರಿಸಿ, ಒಂದು ಕಾಲು ಸುತ್ತು ತಿರುಗಿಸಿ ಕೂರಿಸಿದೆ. ಸದ್ದು ಬಹುಪಾಲು ಹೋಯಿತು, ಖರ್ಚು ನಾಲ್ಕು ಸ್ಕ್ರೂ ಅಷ್ಟೇ.

ನನ್ನ ಕೋರಿಕೆ ಇಷ್ಟೇ. ಶೀಲ್ಡಿಂಗ್ ಅಂತ ಮಾರುವ ಪ್ರತಿ ಪ್ಯಾಕೆಟ್ ಮೇಲೆ ಅದು ಯಾವ ಲೋಹ, ಎಷ್ಟು ದಪ್ಪ, ರೇಡಿಯೊ ತರಂಗಕ್ಕೋ 50 ಹರ್ಟ್ಜ್ ಕಾಂತಕ್ಷೇತ್ರಕ್ಕೋ ಅಂತ ಸ್ಪಷ್ಟವಾಗಿ ಅಚ್ಚು ಹಾಕಿಸಬೇಕು. ನಿಮ್ಮ ವಿಜ್ಞಾನ ಪುಟದಲ್ಲೂ ಒಮ್ಮೆ ಈ ಬಗ್ಗೆ ಬರೆಸಿ. ಸುಮ್ನೆ ದುಡ್ಡು ಕಳೆದುಕೊಳ್ಳುತ್ತಿರುವವರು ಕಾಲೇಜು ಓದುವ ಮಕ್ಕಳು.

— ಒಬ್ಬ ರಿಪೇರಿ ಕೆಲಸಗಾರ, ಮೈಸೂರು