ನಾಲಗೆಯ ಆ ನಕ್ಷೆಯನ್ನು ಇನ್ನಾದರೂ ಕೈಬಿಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಮಕ್ಕಳ ಪುರವಣಿಯಲ್ಲಿ ಬಾಯಿಯ ಬಗ್ಗೆ ಒಂದು ಪುಟ ಬಂದಿತ್ತು. ಅದರಲ್ಲೊಂದು ನಾಲಗೆಯ ಚಿತ್ರ, ಚಿತ್ರಕ್ಕೆ ನಾಲ್ಕು ಬಣ್ಣ. ತುದಿಯಲ್ಲಿ ಸಿಹಿ, ಅಂಚಿನಲ್ಲಿ ಉಪ್ಪು ಮತ್ತು ಹುಳಿ, ಹಿಂದೆ ಕಹಿ. ನಾನೂ ಶಾಲೆಯಲ್ಲಿ ಇದೇ ಚಿತ್ರ ಬರೆದು ಮಾರ್ಕ್ಸ್ ತಗೊಂಡವನೇ. ಆದರೆ ನನ್ನ ಮಗಳು ನನ್ನಷ್ಟು ಸಾಧು ಅಲ್ಲ. ಹತ್ತಿಯನ್ನು ಸಕ್ಕರೆ ನೀರಲ್ಲಿ ಅದ್ದಿಕೊಂಡು ಕನ್ನಡಿ ಮುಂದೆ ನಿಂತು, ತುದಿ, ಅಂಚು, ಓಕರಿಕೆ ಬರುವಷ್ಟು ಹಿಂದೆ, ಎಲ್ಲಾ ಕಡೆ ಮುಟ್ಟಿಸಿ ನೋಡಿದಳು. ಎಲ್ಲಾ ಕಡೆ ಸಿಹಿಯೇ. "ಪೇಪರ್ ಸುಳ್ಳಾ, ನನ್ನ ನಾಲಗೆ ಸುಳ್ಳಾ?" ಅಂತ ಕೇಳಿದಳು. ಪೇಪರೇ ಸುಳ್ಳು ಅಂದೆ. ಬೇಜಾರು ಮಾಡ್ಕೋಬೇಡಿ.

ತಪ್ಪು ನಿಮ್ಮೊಬ್ಬರದ್ದೇ ಅಲ್ಲ, ಇದು ಬಹಳ ಹಳೆಯದು. 1901ರಲ್ಲಿ ಜರ್ಮನಿಯ ಹ್ಯಾನಿಗ್ ಎಂಬ ವಿಜ್ಞಾನಿ ನಾಲಗೆಯ ಅಂಚಿನುದ್ದಕ್ಕೂ ರುಚಿಯ ಹನಿಗಳನ್ನು ಹಾಕಿ, ಎಲ್ಲೆಲ್ಲಿ ಎಷ್ಟು ತೆಳು ಮಾಡುವ ತನಕ ರುಚಿ ಗೊತ್ತಾಗುತ್ತದೆ ಎಂದು ಅಳೆದಿದ್ದ. ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇತ್ತು, ಆದರೆ ತೀರಾ ಸಣ್ಣದು. 1942ರಲ್ಲಿ ಹಾರ್ವರ್ಡಿನ ಎಡ್ವಿನ್ ಬೋರಿಂಗ್ ಅದನ್ನೇ ತಮ್ಮ ಪುಸ್ತಕದಲ್ಲಿ ಗ್ರಾಫ್ ಮಾಡಿ ಹಾಕಿದಾಗ ಆ ಸಣ್ಣ ವ್ಯತ್ಯಾಸ ಬೆಟ್ಟದಷ್ಟು ಕಾಣಿಸಿತು, ನೋಡಿದವರು 'ಇಲ್ಲಿ ಸ್ವಲ್ಪ ಕಡಿಮೆ' ಎಂಬುದನ್ನು 'ಇಲ್ಲಿ ಇಲ್ಲವೇ ಇಲ್ಲ' ಅಂತ ಓದಿಕೊಂಡರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಎಂಬ ಸಂಶೋಧಕಿ ಮತ್ತೆ ಪರೀಕ್ಷೆ ಮಾಡಿ, ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ ಅಂತ ತೋರಿಸಿದರು. ಚಿತ್ರ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 1908ರಲ್ಲೇ ಜಪಾನಿನ ಇಕೆಡಾ ಗುರುತಿಸಿದ ಐದನೇ ರುಚಿ ಉಮಾಮಿಗೆ ಅದರಲ್ಲಿ ಜಾಗವೇ ಇಲ್ಲ!

ಇನ್ನೊಂದು ಮಾತು. ನಾಲಗೆ ಮೇಲೆ ಕಾಣುವ ಗುಳ್ಳೆಗಳೇ ರುಚಿಮೊಗ್ಗುಗಳು ಅಂತ ಬರೆದಿದ್ದೀರಿ. ಅಲ್ಲ. ಮೊಗ್ಗುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಕೆಲವು ಗುಳ್ಳೆಗಳ ಒಳಗೆ ಅಡಗಿರುತ್ತವೆ. ನಾಲಗೆ ತುಂಬಾ ಇರುವ ಎಳೆ ಎಳೆಯಂಥ ಸಣ್ಣ ಗುಳ್ಳೆಗಳಲ್ಲಿ ಒಂದೂ ಮೊಗ್ಗಿಲ್ಲ, ಅವು ಸುಮ್ನೆ ಒರಟಿಗೆ, ಹಿಡಿತಕ್ಕೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಬೇರೆ ಕಡೆ. ಇಡೀ ಪುಟದಲ್ಲಿ ಜೊಲ್ಲಿಗೆ ಸಿಕ್ಕಿದ್ದು ಒಂದೇ ಸಾಲು: 'ಆಹಾರವನ್ನು ಒದ್ದೆ ಮಾಡುತ್ತದೆ'. ಅಷ್ಟೇನಾ? ನಾಲಗೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಂದು ಸಕ್ಕರೆ ಹರಳು ಇಟ್ಟು ನೋಡಿ, ಜೊಲ್ಲು ಬಂದು ಅದನ್ನು ಕರಗಿಸುವ ತನಕ ಸಿಹಿ ಗೊತ್ತಾಗುವುದಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಹಲ್ಲು ಹುಳುಕಾಗದಂತೆ ಕಾಯುವುದರಲ್ಲೂ ಅದಕ್ಕೆ ದೊಡ್ಡ ಪಾಲಿದೆ. ನಿದ್ದೆಯಲ್ಲಿ ಅದು ಬಹುತೇಕ ನಿಂತುಹೋಗುತ್ತದೆ, ಬೆಳಗ್ಗೆ ಬಾಯಿ ವಾಸನೆ ಬರುವುದು ಅದಕ್ಕೇ.

ಇಷ್ಟೆಲ್ಲಾ ಸುರಿಸುವುದು ಮುಖ್ಯವಾಗಿ ಮೂರು ಜೋಡಿ ಗ್ರಂಥಿಗಳು. ಕಿವಿಯ ಮುಂದೆ, ಕೆಳಗೆ ಇರುವುದು ದೊಡ್ಡದು, ಮಂಗನಬಾವಿನಲ್ಲಿ ಊದುವುದು ಅದೇ. ಅದರ ಕೊಳವೆ ಕೆನ್ನೆಯ ಒಳಗೆ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು ತೆರೆದುಕೊಳ್ಳುತ್ತದೆ. ನಾಲಗೆ ಆಡಿಸಿ ನೋಡಿ, ಸಣ್ಣ ಉಬ್ಬು ಸಿಗುತ್ತದೆ. ಇನ್ನೊಂದು ಜೋಡಿ ದವಡೆಯ ಕೆಳಗೆ, ಮೂರನೆಯದು ನಾಲಗೆಯ ಅಡಿಯಲ್ಲಿ. ತುಟಿ, ಕೆನ್ನೆ, ಅಂಗುಳದಲ್ಲಿ ನೂರಾರು ಪುಟಾಣಿ ಗ್ರಂಥಿಗಳು ಬೇರೆ.

ಇದೆಲ್ಲ ನನಗೆ ಗೊತ್ತಾಗಿದ್ದು ಓದಿ ಅಲ್ಲ, ಅನುಭವಿಸಿ. ಎರಡು ವರ್ಷದ ಹಿಂದೆ ಊಟಕ್ಕೆ ಕೂತರೆ ಸಾಕು, ಬಾಯಲ್ಲಿ ನೀರೂರುವ ಹೊತ್ತಿಗೆ ಎಡ ದವಡೆಯ ಕೆಳಗೆ ಗೋಲಿಯಷ್ಟು ಊದಿಕೊಂಡು ನೋವಿನಿಂದ ಸಿಡಿಯುತ್ತಿತ್ತು. ಒಂದು ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನುವಂತೆ ಇಳಿದುಹೋಗುತ್ತಿತ್ತು. ಹಲ್ಲಿನ ನೋವು ಅಂದುಕೊಂಡು ಒಂದು ಕಡೆ ಹಲ್ಲನ್ನೇ ಕೀಳಿಸಿಕೊಂಡೆ, ಆಮೇಲೂ ಊತ ನಿಲ್ಲಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಬಾಯೊಳಗೆ ಒಂದು ಬೆರಳು, ಗದ್ದದ ಕೆಳಗೆ ಒಂದು ಬೆರಳು ಇಟ್ಟು ಒತ್ತಿ, "ಕಲ್ಲು ಇದೆ" ಅಂದರು. ಜೊಲ್ಲಿನ ಕೊಳವೆಯಲ್ಲಿ ಕಲ್ಲು! ಊಟದ ಹೊತ್ತಿಗೆ ಊರುವ ಜೊಲ್ಲು ಕಲ್ಲಿಗೆ ತಡೆದು ಹಿಂದೆ ನಿಂತು ಗ್ರಂಥಿ ಊದುತ್ತಿತ್ತು. ದವಡೆ ಕೆಳಗಿನ ಗ್ರಂಥಿಯ ಕೊಳವೆ ಉದ್ದ, ಜೊಲ್ಲು ಮೇಲಕ್ಕೆ ಹತ್ತಬೇಕು, ಅದರ ಜೊಲ್ಲು ಅಂಟಂಟು ಕೂಡ, ಅದಕ್ಕೇ ಕಲ್ಲುಗಳಲ್ಲಿ ಹತ್ತಕ್ಕೆ ಎಂಟು ಅಲ್ಲೇ ಆಗುತ್ತವಂತೆ. ಬಾಯೊಳಗೆ ಸಣ್ಣದಾಗಿ ಕೊಯ್ದು ತೆಗೆದರು, ಬೆಂಕಿಕಡ್ಡಿಯ ತಲೆಯಷ್ಟಿತ್ತು. ಹೋದ ಹಲ್ಲು ಹೋಯಿತು.

ಶಾಲೆಯಲ್ಲಿ ಆ ನಾಲ್ಕು ಬಣ್ಣದ ಬದಲು ಈ ಮೂರು ಜೋಡಿ ಗ್ರಂಥಿಗಳ ಚಿತ್ರ ಬರೆಸಿದ್ದರೆ, ಊಟದ ಹೊತ್ತಿಗೇ ಯಾಕೆ ಊದುತ್ತದೆ ಅಂತ ನಾನಾದರೂ ಯೋಚಿಸುತ್ತಿದ್ದೆನೇನೋ. ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಿ, ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಅಲ್ಲ, ಚಿತ್ರ ಇದ್ದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ. ಮಗಳು ಹಳೆಯ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದಾಳೆ, ಪಕ್ಕದಲ್ಲಿ ಹೊಸದನ್ನು ಅಂಟಿಸಲು ಜಾಗ ಬಿಟ್ಟಿದ್ದಾಳೆ.

ಇಂತಿ,
ನಿಮ್ಮ ಹಳೆಯ ಓದುಗ