ಕ್ವಾರಂಟೈನ್ ಮಾಡ್ರಿ, ಆದ್ರ ಮನುಷ್ಯಾರಂಗ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಫಾ, ಎಬೋಲಾ ಅಂತ ಟಿವಿಯಾಗ ಹೆಸ್ರು ಬಂದ್ರ ಸಾಕು, ನಮ್ಮ ಜನ ರೋಗಕ್ಕಿಂತ ಮೊದ್ಲ ನರ್ಸ್‌ಗೆ ಅಂಜತಾರ. ಕೊರೊನಾ ಟೈಮಿನ್ಯಾಗ ವಿಜಯಪುರದ ನಮ್ಮ ಓಣ್ಯಾಗ ಒಬ್ರು ನರ್ಸ್ ಅಕ್ಕಾರು ಮನಿಯೊಳಗ ಕ್ವಾರಂಟೈನ್ ಇದ್ರು, ಹಾಲಿನವ ಪಾಕೀಟು ಗೇಟಿನ ಮ್ಯಾಲಿಂದ ಒಗದು ಹೋಗ್ತಿದ್ದ, ಅವ್ರ ಕೊಡ ನಳದ ಹತ್ರ ಇಡಾಕ ಯಾರೂ ಬಿಡ್ಲಿಲ್ಲ, ಮನಿ ಮಾಲಕ್ರು ಖಾಲಿ ಮಾಡ್ರಿ ಅಂದ್ರು. ಅದ ಮಾಲಕ್ರು ಮಾರ್ಚ್‌ದಾಗ ಮಾಳಗಿ ಮ್ಯಾಲ ನಿಂತು ತಾಟು ಬಾರಿಸಿದವ್ರು ನೋಡ್ರಿ!

ಕ್ವಾರಂಟೈನ್ ಬ್ಯಾಡ ಅನ್ನಾಕತ್ತಿಲ್ಲ ನಾ. ಆದ್ರ ಎಬೋಲಾ ಲಕ್ಷಣ ಕಾಣೂದು 2ರಿಂದ 21 ದಿನದೊಳಗ, ಲಕ್ಷಣ ಬರೂತನಕ ಒಬ್ರಿಂದ ಒಬ್ರಿಗೆ ಹರಡೂದಿಲ್ಲ, ಅಷ್ಟಾದ್ರೂ 2014ರಾಗ ಸಿಯೆರಾ ಲಿಯೋನ್‌ದಾಗ ಸೇವಾ ಮಾಡಿ ಬಂದ ನರ್ಸ್‌ನ್ನ ಅಮೆರಿಕಾದ ನ್ಯೂಜೆರ್ಸಿಯಾಗ ಟೆಸ್ಟ್ ನೆಗೆಟಿವ್ ಬಂದ್ರೂ ಟೆಂಟಿನ್ಯಾಗ ಕೂಡಿಸಿದ್ರು. ಆಕಿ ಕೇಸ್ ಹಾಕಿದ್ಳು, 2017ರಾಗ ರಾಜಿ ಆಗಿ, ಅಲ್ಲಿ ಕ್ವಾರಂಟೈನ್ ಆದವ್ರಿಗೆ ವಕೀಲರನ್ನ ಇಟ್ಕೊಳ್ಳೂ, ಆದೇಶ ಪ್ರಶ್ನೆ ಮಾಡೂ ಹಕ್ಕು ಸಿಕ್ತು.

ನಮ್ಮಲ್ಲೂ 2020ರಾಗ ಸಾಂಕ್ರಾಮಿಕ ರೋಗಗಳ ಕಾಯ್ದೆ ತಿದ್ದಿ, ಆರೋಗ್ಯ ಸಿಬ್ಬಂದಿ ಮ್ಯಾಲ ಕೈ ಮಾಡಿದ್ರ 3 ತಿಂಗಳಿಂದ 5 ವರ್ಷ ಜೈಲು ಅಂತ ಮಾಡ್ಯಾರ, ಕಿರುಕುಳಾನೂ ಅದ್ರಾಗ ಬರ್ತೈತಿ. ಆದ್ರ ಕಾಂಟ್ರ್ಯಾಕ್ಟ್ ನರ್ಸ್, ಆಂಬುಲೆನ್ಸ್ ಡ್ರೈವರ್ ಕ್ವಾರಂಟೈನ್‌ದಾಗ ಕುಂತ ದಿನದ ಪಗಾರ ಯಾರು ಕೊಡ್ತಾರ?

ಡಿಸಿ ಸಾಹೇಬ್ರು ಮತ್ತ ಜಿಲ್ಲಾ ಆರೋಗ್ಯ ಅಧಿಕಾರಿ (ಡಿಎಚ್‌ಓ) ಈಗ ಹೇಳ್ಬೇಕು: ಎಷ್ಟು ದಿನ, ಯಾಕ ಅಂತ ಬರವಣಿಗ್ಯಾಗ ಆದೇಶ, ಬಾತ್‌ರೂಮ್ ಇರೂ ಖೋಲಿ, ಹೊತ್ತಿಗೆ ಬಿಸಿ ಊಟ, ಪೂರ್ತಿ ಪಗಾರ. ರೋಗ ಬಂದ್ಮ್ಯಾಲ ಮೀಟಿಂಗ್ ಮಾಡಿದ್ರ ನಡ್ಯೂದಿಲ್ರಿ.

— ಒಬ್ಬ ಓದುಗ, ವಿಜಯಪುರ